ಲದ್ದಿಯ ಲೆಕ್ಕ

ಮದುವಿ ಸುಗ್ಗಿ ಮುಗೀತು. ನಾಕೂ ಕುದುರಿ ಲಾಯದಾಗ
ನಿಂತಲ್ಲೇ ನಿಂತಾವ. ತಿಂತಾವ. ಹಾಕ್ತಾವ.
ಒಂದೊಂದರದು ದಿನಾ ಎರಡು ಬುಟ್ಟಿ,
ಕಾಲಾಗಿನ ಹೊಟ್ಟು, ಉಚ್ಚಿಗೆ ನೆನೆದ ಕಣಕಿ ಸೇರಿದರ ಮೂರು.
ನಾಕ ಮೂರಲೆ ಹನ್ನೆರಡು.
ತಿಂಗಳಿಗೆ?
ಬುರಾನಸಾಬ ಬೆರಳು ಮಡಚಿದ, ಬಿಚ್ಚಿದ,
ಬೆರಳು ಸಾಲದೆ ನನ್ನ ಕಡಿ ನೋಡಿದ.
ಮುನ್ನೂರಾ ಅರವತ್ತು, ಅಂದೆ.
ಹಚ್ಚಿದ್ದ ಬೀಡಿ ಆರಿಸಿಬಿಟ್ಟ.

ಈ ತನಕ ಎಲ್ಲಿ ಹೋಗ್ತಿತ್ತು ಅಂತ ಕೇಳಬ್ಯಾಡ್ರಿ.
ಫತೇ ದರವಾಜಾದ ಹೊರಗಿನ ತಗ್ಗು ತುಂಬಿ ದಿಬ್ಬಾಯಿತು,
ದಿಬ್ಬದ ಮ್ಯಾಲೆ ಹುಡುಗರು ಪತಂಗ ಹಾರಿಸಿದರು,
ನೊಣ ಬಂದವು, ನೊಣದ ಬೆನ್ನಿಗೆ ನೋಟೀಸು ಬಂತು.
ಮೊಹರು ಒತ್ತಿದ ಆ ಕಾಗದ ಓದಿ ಹೇಳಿದಾಕಿ ನಾನು,
ಲಾಯ ಗುಡಿಸೋ ತೇಜಮ್ಮ. ಏಳನೆತ್ತೆ ಪಾಸು.

ಗ್ವಾಡಿ ಮ್ಯಾಲೆ ಇದ್ದಲಿಲೆ ಮೂರು ಮನಿ ಬರದೀನಿ.
ಮೊದಲಿನದರಾಗ ಇವತ್ತಿಂದು,
ನಡುವಿನದರಾಗ ಕುದಿಯೋದು,
ಕಡೀದರಾಗ ಕುದ್ದು ತಣ್ಣಗಾದದ್ದು.
ಅಡ್ಡ ಐದು ಮೊಳ, ಉದ್ದ ಆರು, ಎತ್ತರ ನನ್ನ ಎದಿಮಟ.
ಅದಕ್ಕಿಂತ ಮ್ಯಾಲೆ ಎತ್ತಿ ಒಗಿಯೋ ತೋಳು ಯಾರದು?
ಮುಂದ ಬಯಲಿರಬೇಕು, ಕೈಗಾಡಿ ಹೋಗ್ಲಾಕ.
ಹಿಂದ ಕಲ್ಲಿನ ನಡುವ ಸಂದಿ ಇರಬೇಕು, ಗಾಳಿ ಹೋಗ್ಲಾಕ.
ಮ್ಯಾಲೆ ತಗಡು. ಕೆಳಗ ಗಿಲಾಯಿ.

“ಗುಂಡಿ ತೋಡಿದರ ಖರ್ಚೇ ಇಲ್ಲಲ್ಲ?”
ನಮ್ಮ ಬೀದರದ ಕೆಂಪು ಕಲ್ಲು ಜರಡಿ, ಸಾಬ್ರೇ.
ಇಲ್ಲಿ ಸುರಿದದ್ದು ಬಾವಿಯೊಳಗ ಸಿಗತದ.
ಆ ನೀರಿನ ಚಹಾ ನಾನೂ ಕುಡೀತೀನಿ.

ಗಾಳಿ ಪಡುವಣದ್ದು. ಮೂಡಣ ಮೂಲಿ ಛಲೋ,
ನಾತ ಹೊಲದ ಕಡಿ ಹೋಗತದ ಅಂತ
ಹಗ್ಗ ಹಿಡಕೊಂಡು ಅಳಿಲಾಕ ಹೋದ್ವಿ.
ಬೇವಿನ ಗಿಡದ ಹಂತ್ಯಾಕ ಬುರಾನಸಾಬ ನಿಂತ.
ತನ್ನ ಕೈಯಾಗಿನ ತುದಿ ನೆಲಕ್ಕ ಹಚ್ಚಲಿಲ್ಲ.
“ಇಲ್ಲಿ ಲಾಡ್ಲಿ ಅದಾಳ.”

ಹನ್ನೊಂದು ವರ್ಷ ಮದುಮಕ್ಕಳನ್ನ ಹೊತ್ತಾಕಿ.
ಬ್ಯಾಂಡು, ಪಟಾಕಿ, ಯಾವುದಕ್ಕೂ ಬೆದರಲಿಲ್ಲ.
ಎಂಥಾ ಶಾಂತ ಕುದುರಿ ಅಂತ ಔರಾದಿನ ತನಕ ಹೆಸರು.
ಕಡೀ ವರ್ಷ ಡಾಕ್ಟರು ನೋಡಿ ಹೇಳಿದ್ದು,
ಆಕಿಗೆ ಕಿವಿಯೇ ಕೇಳ್ತಿದ್ದಿಲ್ಲ.

ನಾ ಏನೂ ಅನಲಿಲ್ಲ.
ಹಗ್ಗ ಎರಡು ಮಾರು ಆಚಿಗೆ ಎಳದೆ.
ಒಳಗ ಬಂದು ಮೂರನೇ ಮನಿ ಸೆರಗಿಲೆ ಅರ್ಧ ಒರಿಸಿದೆ.
ನಕ್ಷಾ ಸೊಟ್ಟಾಯಿತು. ಆಗಲಿ.

ಇನ್ನ ನೆನಪಿಡೋ ಮಾತು:
ರಾಶಿಯೊಳಗ ಕಬ್ಬಿಣದ ಸಲಾಕಿ ಚುಚ್ಚಿ ಬಿಡಬೇಕು.
ಮುಂಜಾನೆ ಕಿತ್ತು ಹಿಡಿದರ ಅಂಗೈ ಚುರ್ ಅನಬೇಕು,
ಆಗ ಕಸದ ಬೀಜ ಸತ್ತಾವ ಅಂತ ತಿಳಿ.
ಬೆಚ್ಚಗಷ್ಟೇ ಇದ್ದರ ಹೊರಳಿಸಿ ಹಾಕು, ನೀರು ಚಿಮುಕಿಸು.
ಜಂತಿನ ಔಷಧ ಕುಡಿಸಿದ ವಾರದ ಲದ್ದಿ ಬ್ಯಾರೆ.
ಮತ್ತ ಜರಿ. ಜೀನಿನಿಂದ ಉದುರಿದ ಚಮಕಿ, ಕನ್ನಡಿ ಚೂರು.
ಹೂವಿನ ಹಾರ ಎಂಟು ದಿನಕ್ಕ ಮಣ್ಣಾಗತದ,
ಚಮಕಿ ಹಂಗೇ ಇರತದ, ನಿನ್ನೆ ಹೊಲದಂಗ.
ಅದನ್ನ ಆರಿಸೋ ಕೆಲಸಕ್ಕ ನನ್ನ ಕಣ್ಣು ಸಾಲವು.

ಬಿದ್ರಿ ಕೆಲಸದ ವಿಠೋಬಾ ಹಾದು ಹೋಗ್ತಿದ್ದ.
ಕೋಟಿ ಮಣ್ಣು ನಾಲಿಗಿ ಮ್ಯಾಲಿಟ್ಟು ರುಚಿ ಹೇಳಾಂವ.
“ಮೂರು ತಿಂಗಳಿಗೆ ಬಾ, ನಮ್ಮ ಮಣ್ಣೂ ನೋಡೀಯಂತ” ಅಂದೆ.
“ವಾಸನಿ ನೋಡತೀನಿ, ತೇಜಮ್ಮ. ವಾಸನಿ ಸಾಕು.”

ಹೊತ್ತು ಮುಳುಗಿತ್ತು. ಕಲ್ಲಿಗೆಷ್ಟು, ತಗಡಿಗೆಷ್ಟು,
ಶುಂಠಿ ಹೊಲದವರು ಚೀಲಕ್ಕೆಷ್ಟು ಕೊಟ್ಟಾರು,
ಹಿಂಗ ಮಾತಾಡ್ಲಾಕತ್ತಿದ್ವಿ.
ಲಾಯದೊಳಗ ಥಪ್ ಥಪ್ ಅಂತು.
ಬುರಾನಸಾಬ ಕಿವಿಗೊಟ್ಟು ಕೇಳಿದ:
“ಇದು ಇವತ್ತಿನ ಲೆಕ್ಕಕ್ಕೋ, ನಾಳೀದಕ್ಕೋ?”