ಗೋಡೆಯ ಮೊಳ

ಮಾನದಂಡ ಎಂದು ದಿನಕ್ಕೆ ಹತ್ತು ಸಲ ಬರೆದವಳು ನಾನು.
ಅರ್ಹತೆಯ ಮಾನದಂಡ, ಗುಣಮಟ್ಟದ ಮಾನದಂಡ,
ಸುತ್ತೋಲೆಗಳ ಅನುವಾದ, ಪುಟಕ್ಕಿಷ್ಟು ಎಂದು ಕೂಲಿ.
ಆ ಪದದೊಳಗೆ ಒಂದು ಕೋಲಿದೆ ಎಂಬುದು
ಮರೆತೇಹೋಗಿತ್ತು.

ಕಂಡದ್ದು ಇಲ್ಲಿ, ಫ್ರಾಂಕೋನಿಯಾದ ಸಣ್ಣ ಪೇಟೆಯಲ್ಲಿ.
ಇಗರ್ಜಿಯ ಬಾಗಿಲಿಗೆ ಎಡಕ್ಕೆ, ಎದೆಮಟ್ಟದಲ್ಲಿ,
ಕಲ್ಲಿಗೆ ಸೀಸ ಹುಯ್ದು ಕೂರಿಸಿದ ಕಬ್ಬಿಣದ ಸರಳು.
ನಮ್ಮ ಮೊಳಕ್ಕಿಂತ ಒಂದು ಗೇಣು ಹೆಚ್ಚು.
"ಊರಿನ ಮೊಳ," ಎಂದಳು ಬೀಗದ ಕೈ ಕಾಯುವ ವಾಲ್ಟ್ರಾಟ್,
"ಬಟ್ಟೆ ಮಾರುವವರ ಜಗಳ ಇಲ್ಲಿಗೆ ಬಂದು ಮುಗಿಯುತ್ತಿತ್ತು."
ಮುಗಿಯದ ಒಂದನ್ನೂ ಅವಳೇ ಹೇಳಿದಳು, ಮೆಟ್ಟಿಲು ಗುಡಿಸುತ್ತ.

ಕುನಿಗುಂಡ, ಅಗಸೆನಾರು ನೇಯುವವಳು.
ತಂದದ್ದು ಇಪ್ಪತ್ತು ಮೊಳ.
ಹತ್ತೊಂಬತ್ತು ಚಿಲ್ಲರೆ, ಎಂದ ವ್ಯಾಪಾರಿ ಫೈಟ್.
ನಡೆ ಗೋಡೆಗೆ, ಎಂದವಳು ಅವಳೇ.
ಸಂತೆಗೆ ಸಂತೆಯೇ ಹಿಂದೆ ಬಂತು,
ಹೆಬ್ಬಾತಿನ ಬುಟ್ಟಿ ಹೊತ್ತವರೂ.
ಹಿಡಿದರು, ಮಡಿಸಿದರು, ಗಟ್ಟಿಯಾಗಿ ಎಣಿಸಿದರು.
ಇಪ್ಪತ್ತನೆಯ ಮೊಳ ಅರ್ಧ ದಾರಿಯಲ್ಲೇ ನಿಂತಿತು.
ಸರಳಿನ ಬತ್ತಲೆ ತುದಿ ಎಲ್ಲರಿಗೂ ಕಂಡಿತು.

ಮೊದಲು ಹೋದದ್ದು ಮಾನ.
ಆಮೇಲೆ ಕಟ್ಟಿದ್ದು ದಂಡ.
ಈ ಸಮಾಸ ಬಿಡಿಸಲು ನನಗೆ
ಇಷ್ಟು ದೂರದ ರೈಲು ಬೇಕಾಯಿತು.

ಕದ್ದವಳಲ್ಲ ಅವಳು.
ಮಗ್ಗದ ಮರದ ಮೇಲೆ ಎರಡು ಗೀರು:
ಹೆಗಲಿನಿಂದ ಬೆರಳತುದಿಗೆ ತೋಳು ಚಾಚಿ
ಇಷ್ಟು ಮಗಳೇ, ಎಂದು ಅಮ್ಮ ಕೊರೆದು ಕೊಟ್ಟದ್ದು.
ಗಿಡ್ಡ ಹೆಂಗಸು ಅಮ್ಮ. ಮೊಳಕ್ಕೆ ಒಂದು ಬೆರಳು ಕಡಿಮೆ.

ಕತ್ತಲಾದ ಮೇಲೆ ಹುರಿಯ ತುಂಡು ಹಿಡಿದು ಬಂದಳಂತೆ,
ಗೋಡೆಗೆ ಒತ್ತಿ ಅಳೆದು, ಗಂಟು ಹಾಕಿ,
ಮನೆಗೊಯ್ದು ಮೂರನೆಯ ಗೀರು ಕೊರೆದಳಂತೆ.
ಸಂತೆಗೆ ಹೋಗುವುದೆಲ್ಲ ಮೂರನೆಯ ಗೀರಿಗೆ.
ಮಕ್ಕಳ ಅಂಗಿ, ತೊಟ್ಟಿಲ ಹಾಸು, ತನ್ನ ಹೆಣಕ್ಕೆಂದು
ಎತ್ತಿಟ್ಟ ಬಟ್ಟೆ
ಹಳೆಯ ಗೀರಿಗೇ.
"ಈಗಲೂ ತೋಳು ಗಿಡ್ಡವಾದ ಅಂಗಿಗೆ
ಅಮ್ಮನ ಮೊಳ ಅನ್ನುತ್ತೇವೆ ನಾವು."
ನಿಜವೋ, ನನ್ನಂಥವರಿಗೆ ಹೇಳುವ ಕತೆಯೋ.

ನಾನೂ ತೋಳು ಚಾಚಿ ಸರಳಿಗೆ ಹಿಡಿದೆ.
ತಣ್ಣಗಿತ್ತು. ನಡುವೆ ಸವೆದು ನುಣುಪಾಗಿತ್ತು.
ನನ್ನ ಬೆರಳೂ ತುದಿ ಮುಟ್ಟಲಿಲ್ಲ.

ಯಾರ ತೋಳಮ್ಮ ಇದು, ಮೊಟ್ಟಮೊದಲು?
ವಾಲ್ಟ್ರಾಟ್ ಕಸವನ್ನು ಮೊರಕ್ಕೆ ಎಳೆದುಕೊಂಡಳು.
"ಯಾರಿಗೆ ಗೊತ್ತು. ಯಾವನೋ ಒಬ್ಬನದು.
ಉದ್ದನೆಯವನದು."