ನಲವತ್ತು ಕಂಬದ ಲೆಕ್ಕ

ಎರಡೇ ದಿನವಾ? ಇರಲಿ, ಕೂತುಕೊಳ್ಳಿ.
ಆ ಬಾಗಿಲನ್ನು ಸ್ವಲ್ಪ ಎತ್ತಿ ಎಳೆಯಬೇಕು. ಹಾಂ, ಹಾಗೆ.
ಇಸ್ಫಹಾನ್ ಕಂಡರೆ ಅರ್ಧ ಜಗತ್ತು ಕಂಡಂತೆ
ಅಂತ ನಮ್ಮವರು ಕೊಚ್ಚಿಕೊಳ್ಳುತ್ತಾರೆ.
ಅರ್ಧಕ್ಕೆ ಎರಡು ದಿನ ಧಾರಾಳ;
ಉಳಿದರ್ಧಕ್ಕೆ ಹೂಷಂಗನ ಈ ಹಳೇ ಕಾರು ಬರುವುದಿಲ್ಲ.

ಎಲ್ಲಿ, ಚೀಟಿ ತೋರಿಸಿ.
ಮೈದಾನ, ಸರಿ. ದೊಡ್ಡ ಮಸೀದಿ, ಸರಿ.
ಗುಮ್ಮಟದ ಕೆಳಗೊಂದು ಕರಿಗಲ್ಲಿದೆ, ಅದರ ಮೇಲೆ ನಿಂತು
ಒಂದೇ ಒಂದು ಚಪ್ಪಾಳೆ ತಟ್ಟಿ.
ಏಳು ಸಲ ಮರಳಿ ಬರುತ್ತದೆ. ನನ್ನ ಹೆಂಡತಿ ಮಹ್‌ರುಖ್
ಒಂಬತ್ತು ಎನ್ನುತ್ತಾಳೆ.
ಮದುವೆಯಾದಂದಿನಿಂದ ನಡೆದಿದೆ ಈ ಜಗಳ.

ಚಿಕ್ಕ ಮಸೀದಿಗೆ ಬಿಸಿಲೇರಿದ ಮೇಲೆ ಹೋಗಿ,
ಹೊಸ್ತಿಲಲ್ಲೇ ನಿಂತು ಕತ್ತೆತ್ತಿ:
ನಡುಗುಮ್ಮಟದ ನವಿಲಿಗೆ ಯಾರೂ ಗರಿ ಬರೆದಿಲ್ಲ,
ಕಿಂಡಿಯ ಬಿಸಿಲೇ ಗರಿ.

ಬಿರಿಯಾನಿ? ಅಯ್ಯೋ ಯಜಮಾನರೇ, ಹೆಸರಿಗೆ ಮೋಸ ಹೋಗಬೇಡಿ,
ನಮ್ಮದರಲ್ಲಿ ಒಂದಗುಳು ಅನ್ನವಿಲ್ಲ.
ಕೊಚ್ಚಿದ ಕುರಿಮಾಂಸ, ದಾಲ್ಚಿನ್ನಿ, ಕೆಳಗೊಂದು ರೊಟ್ಟಿ.
ನಿಮ್ಮ ಕಡೆಯವರೊಬ್ಬರು ಒಮ್ಮೆ
ರೊಟ್ಟಿ ಬಿಡಿಸಿ ಬಿಡಿಸಿ ಹುಡುಕಿದರು, ಪಾಪ.

ನಲವತ್ತು ಕಂಬದ ಅರಮನೆ. ಇದೆ. ಎಣಿಸಿದರೆ ಇಪ್ಪತ್ತೇ.
ಮಿಕ್ಕ ಇಪ್ಪತ್ತು ಎದುರಿನ ಕೊಳದೊಳಗೆ.
ನಗಬೇಡಿ. ನೀರನ್ನೂ ಸೇರಿಸಿ
ಲೆಕ್ಕ ಹಾಕಿದ ಜನ ನಾವು.

ಮೂವತ್ತಮೂರು ಕಮಾನಿನ ಸೇತುವೆ ಬಂತು,
ಈಗಲೇ ಎಡಕ್ಕೆ ನೋಡಬೇಡಿ.
ನೋಡಿಬಿಟ್ಟಿರಾ.
ಹೂಂ. ಅದೇ ನದಿ.
ಬಾಯಿಬಿಟ್ಟ ನೆಲ, ದಡದಲ್ಲಿ ಸರಪಳಿ ಬಿಗಿದ ಹಂಸದೋಣಿಗಳು
ಕತ್ತು ನೆಟ್ಟಗೆ ಮಾಡಿ ಕೂತಿವೆ,
ಎಲೆ ಹಾಕುವುದು ತಡವಾದ ಮನೆಯ ನೆಂಟರ ಹಾಗೆ.
ಮೊಮ್ಮಗಳು ತರಾನೆ ಸೈಕಲ್ ಕಲಿತದ್ದು ನದಿಯಲ್ಲಿ.
ಮೊಣಕಾಲು ತರಚಿಕೊಂಡದ್ದೂ ನದಿಯಲ್ಲೇ.
‘ನದಿಗೆ ಹೋಗ್ತೀನಿ’ ಎಂದರೆ ಅವಳ ಬಾಯಲ್ಲಿ
ಆಟದ ಬಯಲಿಗೆ ಎಂದರ್ಥ.

ಒಂದು ನಿಮಿಷ, ಫೋನು.
ಏನೇ? … ಯಾವಾಗ?
ಯಾರು ಹೇಳಿದ್ದು? ವಾರ್ತಾನ್ ಕಣ್ಣಾರೆ ಕಂಡನಂತಾ?
ಎಲ್ಲೀ ತನಕ ಬಂದಿದೆ?
… ಚಪ್ಪಲಿ ಹುಡುಕುತ್ತ ಕೂರಬೇಡ,
ಬರಿಗಾಲಲ್ಲೇ ಕರಕೊಂಡು ಬಾ ಅವಳನ್ನ.

ಯಜಮಾನರೇ, ಗಟ್ಟಿ ಹಿಡಿದುಕೊಳ್ಳಿ, ತಿರುಗಿಸುತ್ತಿದ್ದೇನೆ.
ಅಣೆಕಟ್ಟಿನ ಬಾಗಿಲು ತೆಗೆದರಂತೆ.
ಅರಮನೆ ನಾಳೆಯೂ ಇರುತ್ತದೆ, ಓಡಿಹೋಗುವುದಿಲ್ಲ.
ನೀರು ಹತ್ತು ದಿನ ಅಂತಾರೆ; ಎಂಟೂ ಆಗಬಹುದು.

ಇಳೀರಿ. ಬಾಡಿಗೆ ಆಮೇಲೆ.
ಖಾಜೂ ಸೇತುವೆಯ ಮೆಟ್ಟಿಲ ಮೇಲೆ ಊರಿಗೂರೇ:
ಷಟರ್ ಅರ್ಧ ಎಳೆದು ಬಂದ ರತ್ನಗಂಬಳಿ ವ್ಯಾಪಾರಿ,
ಕೈಯ ಹಿಟ್ಟೂ ಒರೆಸದ ರೊಟ್ಟಿಯವನು,
ಗಾಲಿಕುರ್ಚಿಯಿಂದ ಮುಂದಕ್ಕೆ ಬಾಗಿ ಬಾಗಿ
ಬಂತಾ, ಬಂತಾ ಎನ್ನುವ ಮುದುಕಿ.

ಬಂತು.
ಭೋರ್ಗರೆದು ಅಲ್ಲ. ಕೆಸರು ಬಣ್ಣದ ಒಂದು ನಾಲಗೆ,
ಒಣಗಿದ ಎಲೆ, ಬಾಟಲಿ, ಗಾಳಿ ಹೋದ ಫುಟ್‌ಬಾಲು
ಎಲ್ಲ ತಳ್ಳಿಕೊಂಡು, ನಿಂತು ನಿಂತು,
ಬಿರುಕು ಬಿರುಕಿಗೂ ಕುಡಿಸಿ
ಮಂಡಿನೋವಿನವರ ನಡಿಗೆಯಲ್ಲಿ.
ಯಾರೋ ಚಪ್ಪಾಳೆ ತಟ್ಟಿದರು. ಆಮೇಲೆ ಎಲ್ಲರೂ.

ಅಗೋ ತರಾನೆ, ಅಜ್ಜಿಯ ಸೆರಗಿನ ಹಿಂದೆ.
ಅಳುತ್ತಿದ್ದಾಳೆ, ಕೇಳಿಸಿತೇ?
‘ತಾತಾ, ನಿಲ್ಲಿಸಕ್ಕೆ ಹೇಳು,
ನನ್ನ ನದಿಯೆಲ್ಲ ಒದ್ದೆ ಆಗ್ತಿದೆ.’

ಇದಕ್ಕೆ ನಾನೇನು ಹೇಳಲಿ,
ಇಡೀ ಊರಿಗೆ ದಾರಿ ತೋರಿಸುವವನು?
ಕ್ಯಾಮೆರಾ ಆಮೇಲೆ ತೆಗೀರಿ.
ಮೊದಲು ಷೂ ಬಿಚ್ಚಿ.