ಸೊನ್ನಿ, ಚುಕ್ಕಿ, ಸೊನ್ನಿ

ಮುಂಜಾನಿ ಎಂಟೂವರಿಗೆ
ಚಿತ್ತಾಪುರದ ತಹಶೀಲ್ ಕಚೇರಿ ಹಿಂದ,
ಬೇವಿನ ಗಿಡದಿಂದ ಹತ್ತು ಹೆಜ್ಜಿ ದೂರ,
ತಂತಿಬೇಲಿಯೊಳಗ ನಿಂತಿರೋ ಮಳಿ ಡಬ್ಬಿ
ಕೀಲಿ ತೆಗೀತೀನಿ.
ಒಳಗ ಒಂದು ಜೇಡ.
ಗಾಜಿನ ಅಳತಿ ತೋರಿಸಿದ್ದು ಬರೀತೀನಿ:
ಸೊನ್ನಿ, ಚುಕ್ಕಿ, ಸೊನ್ನಿ.
ಹನ್ನೊಂದು ವರ್ಷದ ನೌಕರಿ. ಬ್ಯಾಸಗಿಯೊಳಗ
ನನ್ನಷ್ಟು ಚಂದ ಸೊನ್ನಿ ಬರಿಯೋರು
ಈ ತಾಲೂಕಿನ್ಯಾಗ ಯಾರೂ ಇಲ್ಲ.

ರೋಣಿ ಕೂಡಿದ ಮರುದಿನ, ಸೋಮವಾರ, ನಲವತ್ನಾಕು.
ನಳದ ನೀರು ಚಹಾಕ್ಕ ಆಗೋಹಂಗ ಸುಡ್ತಿತ್ತು.
ಗುಮಾಸ್ತ ನೀಲಕಂಠ ಝಳಕ್ಕಂತ
ಕಿಸೆದಾಗ ಉಳ್ಳಾಗಡ್ಡಿ ಇಟ್ಕೊಂಡು ಬಂದ,
ಮಧ್ಯಾಹ್ನ ಅದನ್ನೇ ಗುದ್ದಿ ಒಡೆದು ರೊಟ್ಟಿಗೆ ತಿಂದ.
ಮಂಗಳವಾರನೂ ಅಷ್ಟೇ.
ಫರಸಿ ತುಂಬಿದ ಲಾರಿ ಟೈರು ಒಡೆದು ರೋಡಿನ್ಯಾಗ ನಿಂತಿತ್ತು.
ಅದರ ನೆರಳಿನ್ಯಾಗ ಮೂರು ನಾಯಿ, ಒಬ್ಬ ಡ್ರೈವರ್.
ಯಾರೂ ಯಾರಿಗೂ ಏನೂ ಅನ್ಲಿಲ್ಲ.

ರಾತ್ರಿ ಎಲ್ಲಾರೂ ಮಾಳಿಗಿ ಮ್ಯಾಲ.
ಕಲ್ಲು ಹತ್ತು ಗಂಟಿ ತನಕ ಹಗಲನ್ನ ಬಿಡಂಗಿಲ್ಲ;
ಎರಡು ಕೊಡ ಸುರಿದ್ರ ಚುಂಯ್ ಅಂತದ, ಆರ್ತದ, ಮತ್ತ ಬಿಸಿ.
ಮೊಳಕಾಲೆತ್ತರದ ಗೋಡಿ ಆಚೀಕಡೆ ಖಾಜಾಬಿ,
ನಾಕು ಮಕ್ಕಳನ್ನ ಸಾಲಾಗಿ ಹಾಸಿ,
"ಏ ಮಲ್ಕಮ್ಮ, ನಿನ್ನ ಡಬ್ಬಿ ಏನಂತದ?" ಅಂತಾಳ.
"ಖಾಲಿ ಅದ ಅಂತದ."
"ಅಷ್ಟು ಹೇಳಲಾಕ ಸರ್ಕಾರ ನಿನಗ ಪಗಾರ ಕೊಡ್ತದೇನು?"
ವಾಡಿ ಕಡೆ ಗೂಡ್ಸ್ ಗಾಡಿ ಹೋಗೋ ಸಪ್ಪಳ.
ಡಬ್ಬಿ ಎಣಿಸ್ತಾ ಎಣಿಸ್ತಾ ನಿದ್ದಿ.

ಬುಧವಾರ ನೀರಿತ್ತು.
ಎರಡು ಚುಕ್ಕಿ ಆರು.
ಮ್ಯಾಲ ನೋಡಿದೆ: ಮುಗಿಲು ತಿಕ್ಕಿಟ್ಟ ತಾಟಿನಂಗ.
ಸುತ್ತ ನೋಡಿದೆ: ಬೇಲಿ ಸಂದಿಯೊಳಗ
ಚಹಾದಂಗಡಿ ಲಾಲಪ್ಪನ ಮಗಳು, ಬೆನ್ನ ಹಿಂದ ಖಾಲಿ ಬಾಟ್ಲಿ.
"ಅದು ಯಾವಾಗಲೂ ಬಾಯಿ ತಕ್ಕೊಂಡೇ ನಿಂತಿರ್ತದಲ್ಲರಿ" ಅಂದಳು.
ಬೈಬೇಕಂದೆ. ನಿಯಮ ಅವ,
ಕಲಬುರಗಿಗೆ ಲೆಕ್ಕ ಹೇಳೋದದ.
ನೀರು ಬೇವಿನ ಬುಡಕ್ಕ ಚೆಲ್ಲಿ ಸೊನ್ನಿ ಬರದೆ.
ಆ ಜೇಡ ಮತ್ತ ಕಾಣಲಿಲ್ಲ.

ಗುರುವಾರ ಗಾಳಿ ಪೂರಾ ನಿಂತುಬಿಟ್ಟಿತು.
ದಾಲ್ ಮಿಲ್ಲಿನ ತೊಗರಿ ಧೂಳು ಎಲ್ಲೂ ಹೋಗದ
ಅಂಗಡಿ ಬೋರ್ಡಿನ ಅಕ್ಷರದ ಮ್ಯಾಲೇ ಕುಂತಿತು.
ಮರುದಿನ ಇರಿವಿ ತತ್ತಿ ಹೊತ್ಕೊಂಡು
ಕಚೇರಿ ಮೆಟ್ಟಲಾ ಹತ್ತಿದವು.
"ರೋಣಿ ಬಂದ್ರ ಓಣಿ ತುಂಬ ಜೋಳ" ಅಂದ ನೀಲಕಂಠ,
ಒಂದು ಗುಂಟೆ ಹೊಲ ಇಲ್ಲದಾಂವ.

ಶನಿವಾರ ನಡುರಾತ್ರಿ ಸೇಡಂ ಕಡೆ ಮಿಂಚು.
ಮೊದಲು ಕರೆಂಟ್ ಹೋಯ್ತು.
ಆಮ್ಯಾಲ ನಾಯಿ ಸುಮ್ಮಾದವು.
ಆಮ್ಯಾಲ ಯಾರದೋ ತಗಡು ಓಣಿ ಮ್ಯಾಲ ಹಾರಿ ಹೋಯ್ತು,
ದಿಂಬು, ಚಾದರ, ಕೂಸು, ತಂಬಗಿ, ಹಲ್ಲಿನ್ಯಾಗ ಮಣ್ಣು,
ಮಂದಿಯೆಲ್ಲ ನಿಚ್ಚಣಿಕಿ ಇಳೀತಿದ್ರ
ನಾನೊಬ್ಬಾಕಿ ಮ್ಯಾಲ ನಿಂತೆ, ನೌಕರಿ ಚಟ.
ಹನಿ ಬಿದ್ದವು. ಖರೇನೇ ಬಿದ್ದವು,
ಕಲ್ಲಿನ ಮ್ಯಾಲ ಒಂದೊಂದು ರೂಪಾಯಿ ಅಗಲ.
ಹದಿನೇಳು, ಹದಿನೆಂಟು, ಹತ್ತೊಂಬತ್ತು.
ಬಿಸಿ ಫರಸಿ ತೊಯ್ದ ವಾಸನಿ ಎದ್ದಿತು.
ಇಪ್ಪತ್ತನೇದು ಬರಲೇ ಇಲ್ಲ.

ಐತವಾರಕ್ಕ ಮಳಿ ಡಬ್ಬಿಗೆ ರಜಾ ಇಲ್ಲ.
ತಳಕ್ಕ ಒಂದಿಷ್ಟು ಪಸಿ, ಗಾಜಿನ ಗೆರಿ ಮುಟ್ಟಂಗಿಲ್ಲ.
ಪುಸ್ತಕ ತೆರೆದಿದ್ದೆ, ಅಷ್ಟರಾಗ ಖಾಜಾಬಿ ಬಂದಳು
ಹೆಗಲ ಮ್ಯಾಲ ಕೌದಿ ಹೊತ್ಕೊಂಡು,
ಸರ್ಕಾರಿ ಬೇಲಿ ಮ್ಯಾಲ ಹಾಕಿ ಮೂಲಿ ಹಿಂಡಿದಳು.
ಕರೇ ನೀರು ನಾಕು ಹನಿ.
"ನಿಮ್ಮ ಮಾಳಿಗಿ ಮ್ಯಾಲ ಹತ್ತೊಂಬತ್ತೇ ಅಂದ್ರ ನಾ ಏನು ಮಾಡ್ಲಿ?
ಗೋಡಿ ಈಚೆ ನಮಗ ಬಂದದ.
ಬರಿ. ಇದು ಎಷ್ಟು ಮಿಲಿಮೀಟರ್?"

ಕಲಬುರಗಿ ಫೋನ್ ಹೊಡ್ಕೋತಿತ್ತು.
ಸೊನ್ನಿ ಬರದೆ.
ಚುಕ್ಕಿ ಇಟ್ಟ ಪೆನ್ನು ಒಂದು ಗಳಿಗಿ ಎತ್ತಲಿಲ್ಲ.
ಮಸಿ ಹರಡಿ,
ಮುಂದಿನ ಸೊನ್ನಿ ಬರಿಯೋ ಜಾಗ ತೊಯ್ದಿತು.